ಮೂರುನೂರ ಹನ್ನೆರಡನೆಯ ಪೀಳಿಗೆ

ಡಿಸೆಂಬರ್ ಒಂಬತ್ತರ ಬೆಳಿಗ್ಗೆ ಆರೂವರೆಗೆ, ಕಬ್ಬು ಕಡಿಯಲು ಹೋದ ಹದಿನೇಳು ಸಾವಿರದ ನಾನೂರು ಜನರನ್ನು ಎಲ್ಲಿಯೂ ಇಲ್ಲದವರೆಂದು ದಾಖಲಿಸಲಾಯಿತು. ಹನ್ನೆರಡನೆಯ ತಾರೀಖು ಕೃಷ್ಣೆಯ ದಂಡೆಯ ಒಂದು ಗದ್ದೆಯಲ್ಲಿ ಚಂದೀಬಾಯಿ ಎಂಬ ಇಪ್ಪತ್ನಾಲ್ಕು ವರ್ಷದ ಹೆಣ್ಣುಮಗಳು ಹೆತ್ತಳು. ರಕ್ತ ನಿಲ್ಲಲಿಲ್ಲ. ಆಕೆಯ ಜೊತೆ ಕಬ್ಬು ಕಡಿಯುವ ಗ್ಯಾಂಗಿನವರು ಫೋನಿನಲ್ಲಿ ಆಂಬುಲೆನ್ಸಿಗೆ ಅರ್ಜಿ ಹಾಕಿದರು. ಅರ್ಜಿ ಆಕೆಯ ಊರು ಕೇಳಿತು. ಗದ್ದೆಯೆಂದು ತುಂಬಲು ಜಾಗವಿರಲಿಲ್ಲ. ಹನ್ನೊಂದು ಸಲ ಹಾಕಿದರು. ಹನ್ನೊಂದು ಸಲವೂ ಬಂದದ್ದು ಒಂದೇ ಉತ್ತರ: ಈ ಹೆಸರಿನವರು ಎಲ್ಲಿಯೂ ಇಲ್ಲ. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನಾಲ್ಕು ಮೈಲಿ ದೂರದ ಆಸ್ಪತ್ರೆಗೆ ಒಯ್ದರು. ಆಸ್ಪತ್ರೆಯ ಬಾಗಿಲೂ ಅದೇ ಅರ್ಜಿ ಕೇಳಿತು. ಮಧ್ಯಾಹ್ನ ಎರಡಕ್ಕೆ ಬಾಗಿಲ ಹೊರಗೆ ಚಂದೀಬಾಯಿ ತೀರಿಕೊಂಡಳು. ಮಗು ಬದುಕಿದೆ.

ಆ ಅರ್ಜಿಯನ್ನು ಹೊತ್ತು ನಿಂತಿದ್ದ ಚೌಕಟ್ಟಿನ ಹೆಸರು ಹಂದರ.

ಮದುವೆಗೆ ಹಂದರ ಹಾಕುವವರು ಗೂಟ ನೆಟ್ಟು, ಬೊಂಬು ಕಟ್ಟಿ, ಕೈ ಒರೆಸಿಕೊಂಡು ಹೋಗುತ್ತಾರೆ. ಮೇಲೆ ಗರಿ ಹೊದೆಸುವುದೋ ಬಣ್ಣದ ಬಟ್ಟೆ ಹೊದೆಸುವುದೋ ಮದುವೆ ಮನೆಯವರಿಗೆ ಬಿಟ್ಟದ್ದು. ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್ ಎಂದರೂ ಅಷ್ಟೇ. ಅರ್ಜಿ ಹೇಗೆ ಬಿಚ್ಚಿಕೊಳ್ಳಬೇಕು, ಬರೆದದ್ದು ಎಲ್ಲಿ ಹೋಗಿ ಕೂಡಬೇಕು, ಯಾರು ಯಾವ ಬಾಗಿಲು ದಾಟಬಹುದು ಎಂಬ ಗೂಟಗಳನ್ನು ಒಮ್ಮೆ ನೆಟ್ಟರೆ, ರೇಷನ್ ಅಂಗಡಿಯವರೂ ಆಸ್ಪತ್ರೆಯವರೂ ತಮತಮಗೆ ಬೇಕಾದ್ದನ್ನು ಅದರ ಮೇಲೆ ಹೊದೆಸಿಕೊಳ್ಳಬಹುದು. ಹಂದರಕ್ಕೆ ಒಡೆಯರಿರಲಿಲ್ಲ. ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದಿತ್ತು, ತಿದ್ದಬಹುದಿತ್ತು, ನಕಲು ಮಾಡಿಕೊಂಡು ತಮ್ಮ ದಾರಿ ಹಿಡಿಯಬಹುದಿತ್ತು.

ಅದು ಹುಟ್ಟಿದ್ದು ಇಪ್ಪತ್ತೆರಡು ವರ್ಷದ ಹಿಂದೆ, ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ, ಮುಚ್ಚಿಹೋದ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಮೇಲೆ. ಅಲ್ಲಿ ಪ್ರತಿ ರವಿವಾರ ಓದುಬಳಗ ಸೇರುತ್ತಿತ್ತು. ಹಮಾಲರು, ಶಾಲಾ ಮಾಸ್ತರರು, ಬೀಡಿ ಕಟ್ಟುವ ಹೆಣ್ಣುಮಕ್ಕಳು ಬರುವರು. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು, ತಿಳಿಯದ ಕಡೆ ನಿಲ್ಲಿಸುವುದು. ಪಾಲಿಟೆಕ್ನಿಕ್ ಮುಗಿಸಿ ಕೆಲಸವಿಲ್ಲದೆ ಕೂತಿದ್ದ ಅನುಸೂಯಾ ಕಟ್ಟಿಮನಿ ಒಂದು ರವಿವಾರ ತನ್ನ ಪಾಳಿ ಬಂದಾಗ ಪುಸ್ತಕದ ಬದಲು ತಾನು ಬರೆದ ಕೋಡನ್ನೇ ಓದಿದಳು. ಜನ ಕೇಳಿದರು. ಅಂದಿನಿಂದ ಹಂದರದಲ್ಲಿ ಯಾವ ತಿದ್ದುಪಡಿಯಾದರೂ ಬಳಗದೆದುರು ಗಟ್ಟಿಯಾಗಿ ಓದಿಯೇ ಒಳಗೆ ಬರಬೇಕೆಂಬ ಪದ್ಧತಿ ಬಿತ್ತು.

ಇನ್ನೊಂದು ಪದ್ಧತಿ ಖಾಜಾಸಾಬ ಮುಲ್ಲಾನಿಂದ ಬಂತು. ಖಾಜಾಸಾಬ ಬಸ್ ಕಂಡಕ್ಟರ್. ಕೆಳಗಿನ ಅಂಗಡಿಗೆ ಬೀಡಿ ಕೊಳ್ಳಲು ಬಂದವನು ದನಿ ಕೇಳಿ ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಂತು ಹತ್ತು ನಿಮಿಷ ಆಲಿಸಿ, "ನನಗ ಒಂದ ಅಕ್ಷರ ತಿಳೀಲಿಲ್ಲ. ಇದು ಮಂದಿ ಸಲುವಾಗಿ ಅಂತೀರಿ, ಮಂದಿ ಯಾರು ಹಂಗಾರ?" ಎಂದಿದ್ದ. ಎಲ್ಲರೂ ನಕ್ಕರು. ಮುಂದಿನ ವಾರವೇ ಹಂದರದ ಒಡಲಲ್ಲಿ ಒಂದು ನಿಯಮ ಸೇರಿತು: ಕೋಡ್ ಬರೆಯದ ಹೊರಗಿನವರೊಬ್ಬರು ಪ್ರತಿ ಓದಿಗೆ ಕೂರಬೇಕು, ಅವರು 'ತಿಳೀತು' ಎಂದು ಹೆಬ್ಬೆಟ್ಟು ಒತ್ತದೆ ಯಾವ ತಿದ್ದುಪಡಿಯೂ ಸೇರದು. ಖಾಜಾಸಾಬ ಹೊರಗಿನವನಾಗಿ ಬಂದವನು ಒಳಗಿನವನಾಗಿ, ಕಂಡಕ್ಟರ್ ದನಿಯಲ್ಲಿ ಕೋಡ್ ಓದುವ ಬಳಗದ ಖಾಯಂ ವಾಚಕನಾದ.

ಒಂಬತ್ತು ವರ್ಷದ ಹಿಂದೆ ಸರ್ಕಾರ ತನ್ನ ಎಲ್ಲ ಕಿಟಕಿಗಳನ್ನೂ ಮುಚ್ಚಿ ಹಂದರದ ಮೇಲೆ ಒಂದೇ ಬಾಗಿಲು ತೆರೆಯಿತು. ಪುಕ್ಕಟೆ ಸಿಕ್ಕಿತ್ತು, ಗಟ್ಟಿಯಿತ್ತು. ಬಳಗದ ಸಹಿಯಿಲ್ಲದ ಯಾವ ತಿದ್ದುಪಡಿಯನ್ನೂ ಬಳಸುವುದಿಲ್ಲವೆಂದು ಒಪ್ಪಂದ ಬರೆದುಕೊಟ್ಟಿತು. ಫೋನ್ ಎತ್ತಿ ಮಾತಾಡುವ ಗುಮಾಸ್ತರು ಆಮೇಲೆ ಎಲ್ಲಿಯೂ ಉಳಿಯಲಿಲ್ಲ.

ಹಂದರಕ್ಕೆ ಉದುರುವ ಗುಣ ಕೊಟ್ಟವಳು ಅನುಸೂಯಾಳೇ. ಹದಿಮೂರು ವರ್ಷದ ಹಿಂದಿನ ಮಾತು. ಬಡವರ ಕೈಯಲ್ಲಿದ್ದದ್ದು ಒಡೆದ ಗಾಜಿನ ಫೋನು, ಕುಂಟುವ ಸಿಗ್ನಲ್ಲು. ಅರ್ಜಿ ಹಗುರವಿದ್ದಷ್ಟೂ ಬಡವರ ಪರ ಎಂದು ಆಕೆ ಬಳಗದಲ್ಲಿ ಒಂದು ತಾಸು ವಾದಿಸಿದ್ದಳು. ಆ ವಾದ ಸುಳ್ಳೇನಲ್ಲ. ಹಾಗಾಗಿ ಹಂದರ ಎಣಿಸತೊಡಗಿತು. ಅರ್ಜಿಯ ಯಾವ ಕವಲನ್ನು, ಅಂದರೆ ಒಂದೊಂದು ಬಗೆಯವರಿಗೆಂದು ಬಿಟ್ಟ ಯಾವ ದಾರಿಯನ್ನು, ಜನ ತುಳಿಯುತ್ತಾರೆ, ಯಾವುದನ್ನು ತುಳಿಯುವುದಿಲ್ಲ? ನೂರ ಎಂಬತ್ತು ದಿನ ಯಾರೂ ಕಾಲಿಡದ ಕವಲು ಉದುರಬೇಕು. ತಿಂಗಳಿಗೆರಡು ಸಲ ಹಂದರ ತನ್ನದೇ ನೂರಾರು ನಕಲು ಮಾಡಿ, ಒಂದೊಂದರಲ್ಲೂ ಒಂದೊಂದು ಕಡೆ ಕತ್ತರಿಸಿ, ಓಡಿಸಿ ನೋಡಿ, ಎಲ್ಲಕ್ಕಿಂತ ಹಗುರಾಗಿ ಓಡಿದ್ದನ್ನು ಮುಂದಿನ ಪೀಳಿಗೆಯೆಂದು ಬಳಗದ ಮುಂದಿಡುತ್ತಿತ್ತು. ಯಂತ್ರ ಬರೆಯುವುದು, ಮನುಷ್ಯರು ಓದುವುದು.

ಜನ ಒಗ್ಗಿಕೊಂಡರು. ಜನ ಯಾವುದಕ್ಕೆ ಒಗ್ಗಿಕೊಂಡಿಲ್ಲ?

ಹದಿಮೂರನೆಯ ತಾರೀಖು, ಮಂಗಳವಾರ ಬೆಳಿಗ್ಗೆ, ಅನುಸೂಯಾಳ ತಾಯಿ ತಿಪ್ಪವ್ವ ಮನೆಯ ಕಟ್ಟೆಯ ಮೇಲೆ ಕೂತು ಕನ್ನಡಕವನ್ನು ಮೂಗಿನ ತುದಿಗಿಳಿಸಿ ಕವಲು ಅಲುಗಿಸುತ್ತಿದ್ದಳು. ಆ ಓಣಿಯಲ್ಲಿ ಮಂಗಳವಾರ ಅದಕ್ಕೇ ಮೀಸಲು. ಮೂಲೆಮನೆಯ ಕಿವುಡ ಮುದುಕನ ದೂರಿನ ಕವಲು, ಒಂದು ಕಾಲಿನ ಪೇಂಟರನ ಪಾಸಿನ ಕವಲು ಉದುರಿಹೋಗದಿರಲಿ ಎಂದು ಹೆಂಗಸರು ಸರದಿಯ ಮೇಲೆ ಆ ಅರ್ಜಿಗಳನ್ನು ಸುಮ್ಮನೆ ತೆರೆದು, ನಾಲ್ಕು ಅಕ್ಷರ ಹಾಕಿ, ಮುಚ್ಚುತ್ತಿದ್ದರು. ತುಳಸಿಗೆ ನೀರು ಹಾಕಿದ ಹಾಗೆ.

"ಇವತ್ತ ನಾ ಕಿವುಡಿ," ಎಂದಳು ತಿಪ್ಪವ್ವ, ಒಳಗಿನಿಂದ ಬಂದ ಮಗಳಿಗೆ. "ಹೋದ ವಾರ ಕುಂಟಿ ಇದ್ದೆ. ಮುಂದಿನ ವಾರ ಪೋಲೀಸ್ರು ಹೊಡದ ಕೈದಿ ಆಗಬೇಕಂತ. ಆ ನೀಲವ್ವ ಆಗವಲ್ಲಳು, ಅಕಿಗೆ ಮರ್ಯಾದಿ ಹೋಗತೈತಂತ."

"ನೀ ಆಗತೀ ಏನು?"

"ಆಗತೀನಿ ಬಿಡ. ಈ ವಯಸ್ಸಿನ್ಯಾಗ ಜೇಲು ನೋಡಿದಂಗೂ ಆಗತೈತಿ."

ಅನುಸೂಯಾ ನಕ್ಕಳು. ಆಕೆಗೆ ನಲವತ್ತೇಳು; ಬಿಸಿರೊಟ್ಟಿ ಕೈಯಲ್ಲಿ ಹಿಡಿದು ನಿಂತಲ್ಲೇ ತಿನ್ನುವ ಅಭ್ಯಾಸ ಬಿಟ್ಟಿರಲಿಲ್ಲ. ತಿನ್ನುತ್ತಿರುವಾಗಲೇ ಶೈಲಾ ರಾಠೋಡ ಬಂದಳು. ಶೈಲಾ ಬಳಗದ ಇನ್ನೊಬ್ಬ ಮೇಂಟೇನರ್; ಹಂದರವನ್ನು ನೋಡಿಕೊಳ್ಳುವ ಇಬ್ಬರಲ್ಲಿ ಕಿರಿಯಳು. ಊರ ಹೊರಗಿನ ತಾಂಡಾದವಳು. ಚಪ್ಪಲಿ ಬಿಡದೆ, ಕಟ್ಟೆಯ ಕೆಳಗೇ ನಿಂತು ಚಂದೀಬಾಯಿಯ ಸುದ್ದಿ ಹೇಳಿದಳು. ಅಳಲಿಲ್ಲ. ಹನ್ನೊಂದು ಅರ್ಜಿಗಳ ಹೊತ್ತನ್ನು ಒಂದೊಂದಾಗಿ ಹೇಳಿದಳು.

"ಅನಸಕ್ಕಾ, ನಮ್ಮ ಮಂದೀದು 'ಇವತ್ತಿನ ಠಾವು' ಅಂತ ಒಂದು ಕವಲಿತ್ತಲ್ಲ, ಕಾಣವಲ್ದು. ನಾ ಬಾಳ ಹುಡಿಕಿದೆ."

ತಿಪ್ಪವ್ವ ಫೋನು ಕೆಳಗಿಟ್ಟಳು. "ಅದನ್ನ ಯಾರು ಅಲಗಸತಿದ್ರು?"

ಓಣಿಯ ಸರದಿಯಲ್ಲಿ ಓಣಿಯವರ ಕವಲುಗಳಷ್ಟೇ ಇದ್ದವು.

ಪ್ರೆಸ್ಸಿನ ಮಹಡಿಯಲ್ಲಿ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. 'ಇವತ್ತಿನ ಠಾವು' ಖಾಯಂ ಊರಿಲ್ಲದವರ ಕವಲು. ಗ್ಯಾಂಗು ಯಾವ ಗದ್ದೆಯ ಬದುವಿನಲ್ಲಿ ಗುಡಿಸಲು ಹಾಕಿದೆಯೋ ಅದನ್ನೇ ವಿಳಾಸವೆಂದು ತುಂಬುವುದು, ಗದ್ದೆ ಬದಲಾದಾಗ ಬದಲಿಸುವುದು. ಗ್ಯಾಂಗುಗಳು ಮೇ ತಿಂಗಳಲ್ಲಿ ತಾಂಡಾಕ್ಕೆ ಮರಳಿದರೆ ದೀಪಾವಳಿಗೆ ಮತ್ತೆ ಹೊರಡುತ್ತವೆ. ನಡುವಿನ ನೂರ ಅರವತ್ತು ದಿನ ಆ ಕವಲು ಯಾರಿಗೂ ಬೇಡ. ಹದಿಮೂರು ವರ್ಷ ಇಪ್ಪತ್ತು ದಿನದ ಅಂತರದಲ್ಲಿ ಅದು ತಲೆ ಉಳಿಸಿಕೊಂಡು ಬಂದಿತ್ತು. ಈ ವರ್ಷ ಕಬ್ಬಿನ ದರಕ್ಕಾಗಿ ಜಗಳ ಬಿದ್ದು ಕಾರ್ಖಾನೆಗಳ ಚಿಮಣಿಯಲ್ಲಿ ಹೊಗೆ ಎದ್ದದ್ದೇ ಡಿಸೆಂಬರ್ ಐದಕ್ಕೆ. ಹಂದರ ಎಣಿಸಿದ್ದು ಡಿಸೆಂಬರ್ ಒಂದಕ್ಕೆ. ಐದರಿಂದ ಎಂಟರವರೆಗೆ ಹದಿನೇಳು ಸಾವಿರ ಜನ ತಮ್ಮ ತಮ್ಮ ಗದ್ದೆ ತುಂಬಿದರು. ಒಂಬತ್ತಕ್ಕೆ ಮೂರುನೂರ ಹನ್ನೊಂದನೆಯ ಪೀಳಿಗೆ ಜಾರಿಯಾಗಿ, ಕವಲು ತನ್ನ ಮೇಲಿದ್ದವರ ಸಮೇತ ಉದುರಿತು.

"ಆದ್ರ ಇದನ್ನ ನಾವು ಓದೀವಲ್ಲ," ಎಂದಳು ಶೈಲಾ. "ನಾಕನೇ ತಾರೀಖು ರವಿವಾರ. ನಾ ಊರಾಗಿರಲಿಲ್ಲ. ನೀವು ಓದೀರಿ."

ಓದುಗಳೆಲ್ಲ ಧ್ವನಿಮುದ್ರಣವಾಗಿರುತ್ತಿದ್ದವು. ಅನುಸೂಯಾ ಹಚ್ಚಿದಳು. ಖಾಜಾಸಾಬನ ದನಿ ಬಂತು. "ಸಾಲು ಮುನ್ನೂರ ಒಂಬತ್ತು, ಇಲ್ಲಿಂದ ಉದುರುವ ಕವಲುಗಳ ಪಟ್ಟಿ, ಒಟ್ಟು ಅರವತ್ನಾಲ್ಕು, ಎಲ್ಲಾರೂ ಒಳಗ ಸರೀರಿ. ಒಂದು, ಬಣ್ಣದ ಟಿವಿ ಲೈಸೆನ್ಸು. ಎರಡು, ಟೈಪಿಂಗ್ ಪರೀಕ್ಷೆ ಮರುಎಣಿಕೆ. ಮೂರು..." ಯಾರೋ ಆಕಳಿಸಿದರು. ಕಪ್ಪು ಬಸಿಗಳ ಸದ್ದಾಯಿತು. ಆಮೇಲೆ ಅನುಸೂಯಾಳದೇ ದನಿ, ನಗುತ್ತ: "ಚಾಚಾ, ಪಟ್ಟಿ ಐತಲ್ಲ, ಇತ್ಯಾದಿ ಅನ್ರಿ. ಚಹಾ ಆರತೈತಿ."

"ಇತ್ಯಾದಿ," ಎಂದಿತ್ತು ಖಾಜಾಸಾಬನ ದನಿ. "ರೈಟ್, ಹೋಗ್ಲಿ."

ಪುಸ್ತಕ ಓದುವ ಕಾಲದಿಂದಲೂ ಬಳಗದಲ್ಲಿ ಆ ರೂಢಿಯಿತ್ತು. ವಂಶಾವಳಿ ಬಂದರೆ, ಊರುಗಳ ಯಾದಿ ಬಂದರೆ, ಇತ್ಯಾದಿ ಎಂದು ದಾಟುವುದು. ಪುಸ್ತಕದಲ್ಲಿ ಅದರಿಂದ ಯಾರಿಗೂ ಏನೂ ಆಗಿರಲಿಲ್ಲ. 'ಇವತ್ತಿನ ಠಾವು' ನಲವತ್ತೊಂದನೆಯದಾಗಿತ್ತು.

ಶೈಲಾ ಕಿಟಕಿಯ ಕಡೆ ತಿರುಗಿ ನಿಂತಳು. "ನಿಮ್ಮವ್ವ ಕಿವುಡಿ ಆಗತಾಳ, ಕುಂಟಿ ಆಗತಾಳ," ಎಂದಳು. "ಲಂಬಾಣಿ ಆಗಾಕ ಆಗಲಿಲ್ಲೇನು ಯಾರಿಗೂ?"

ಅನುಸೂಯಾ ಸಮಜಾಯಿಷಿ ಹೇಳುವ ಬದಲು ಕೂತು ನಾಲ್ಕು ಸಾಲು ಬರೆದಳು. ಕವಲನ್ನು ಇದ್ದ ಹಾಗೆ ವಾಪಸು ಹಾಕುವುದಕ್ಕೆ ಅಷ್ಟೇ ಸಾಕಿತ್ತು. ಜೊತೆಗೆ, ಮನುಷ್ಯರು ನಿಂತಿರುವ ಯಾವ ಕವಲೂ ಉದುರಬಾರದು ಎಂಬ ಐದನೆಯ ಸಾಲು. ಅದನ್ನು ಸರ್ಕಾರದ ನಿಯಂತ್ರಣ ಕೊಠಡಿಗೆ ಕಳಿಸಿದಳು. ಗುರುವಾರ ಬರಬೇಕೆಂದು ಉತ್ತರ ಬಂತು.

ನಿಯಂತ್ರಣ ಕೊಠಡಿ ಬೆಳಗಾವಿಯಲ್ಲಿತ್ತು. ಒಳಗೆ ಹೋಗುವವರು ಚಪ್ಪಲಿಯ ಮೇಲೆ ನೀಲಿ ಚೀಲ ಹಾಕಿಕೊಳ್ಳಬೇಕು. ಒಂದು ಇಡೀ ಗೋಡೆಯ ತುಂಬ ರಾಜ್ಯದ ನಕ್ಷೆ. ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ಬಿಳಿ ಚುಕ್ಕೆ. ಊರುಗಳು ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತಿದ್ದವು. ಕೃಷ್ಣೆಯ ದಂಡೆಗುಂಟ ಎರಡು ಗೇಣು ಅಗಲದ ಕಪ್ಪು ಪಟ್ಟಿಯಿತ್ತು. ನೋಡಿದವರು ಅದನ್ನು ನದಿಯೆಂದೇ ತಿಳಿಯುತ್ತಿದ್ದರು.

ನಿರ್ದೇಶಕ ಪ್ರಹ್ಲಾದ ಇನಾಮದಾರ ಮೆತ್ತಗೆ ಮಾತಾಡುವ ಮನುಷ್ಯ. ತಾವೇ ಎದ್ದು ಕುರ್ಚಿ ಸರಿಸಿಕೊಟ್ಟರು.

"ಬಹಳ ಕೆಟ್ಟದ್ದಾಯ್ತು ಮೇಡಂ. ಆದರೆ ಇದರಲ್ಲಿ ಯಾರ ತಪ್ಪೂ ಇಲ್ಲ. ಹಂದರದ ಸೊಗಸೇ ಅದು."

"ತಪ್ಪು ನಂದೈತ್ರಿ ಸರ್. ಟೇಪ್ ಐತಿ."

"ಟೇಪನ್ನ ಯಾರು ಕೇಳಿದ್ದಾರೆ?" ನಗುತ್ತ ಪರದೆ ತಿರುಗಿಸಿದರು. "ನಿಮ್ಮ ಐದು ಸಾಲು ನೋಡಿದೆವು. ಅದು ಬೇಡ. ನಮ್ಮವರು ಮೂರುನೂರ ಹನ್ನೆರಡನೆಯ ಪೀಳಿಗೆ ತಯಾರು ಮಾಡಿದ್ದಾರೆ. ನಿಮ್ಮ ಜನರಿಗೆ ಠಾವು ವಾಪಸು ಸಿಗ್ತದೆ. ರವಿವಾರ ಸಂಜೆ ಐದರೊಳಗೆ ಬಳಗ ಓದಿ ಸಹಿ ಹಾಕಲಿ, ಆರಕ್ಕೆ ಆ ಕಪ್ಪು ಪಟ್ಟಿ ಬೆಳ್ಳಗಾಗ್ತದೆ."

ಅನುಸೂಯಾ ಓದಿದಳು. ಅದರ ಹೆಸರು 'ಹಾಜರಿ'. ಖಾಯಂ ಊರಿಲ್ಲದವರು ಹದಿನೈದು ದಿನಕ್ಕೊಮ್ಮೆ ಫೋನಿನ ಮೇಲೆ ಹೆಬ್ಬೆಟ್ಟಿಟ್ಟು 'ನಾನಿದ್ದೇನೆ' ಎಂದು ತಿಳಿಸಬೇಕು. ತಪ್ಪಿದರೆ ಕವಲು ಉಳಿಯುತ್ತದೆ, ಮನುಷ್ಯ ಉದುರುತ್ತಾನೆ. ಪ್ರತಿ ತಿದ್ದುಪಡಿಯ ತಲೆಯ ಮೇಲೆ ಅದು ಯಾಕೆ ಬೇಕಾಯಿತೆಂದು ಒಂದು ಕಾರಣದ ಸಾಲು ಬರೆಯುವುದು ಹಂದರದ ಕ್ರಮ. ಇಲ್ಲಿನ ಸಾಲು ಹೀಗಿತ್ತು: ಡಿಸೆಂಬರ್ ಒಂಬತ್ತರಿಂದ ಹನ್ನೆರಡರವರೆಗೆ ಬಳಕೆದಾರರು ತಾವಿರುವುದನ್ನು ತಿಳಿಸದೇ ಇದ್ದುದರಿಂದ.

"ಇದನ್ನ ಯಾರು ಬರದ್ರು? ಹಂದರ ಹಿಂಗ ಬರಿಯೂದಿಲ್ಲ."

"ಕಾನೂನು ವಿಭಾಗ. ಇಂದಲ್ಲ ನಾಳೆ ಆ ಹೆಣ್ಣುಮಗಳ ಕಡೆಯವರು ಕೋರ್ಟಿಗೆ ಹೋಗ್ತಾರೆ. ನಿಮ್ಮ ಸಾಲು ಹಾಕಿದರೆ ಉದುರಿಸಿದ್ದೇ ತಪ್ಪು ಅಂತ ನಾವೇ ಬರೆದುಕೊಟ್ಟಂತೆ. ನಾಳೆ ಒಂಬತ್ತು ವರ್ಷದ ಎಲ್ಲ ಉದುರಿಕೆಯನ್ನೂ ಎತ್ತಿ ಕೇಳ್ತಾರೆ."

"ಬಳಗ ನನ್ನ ಐದ ಸಾಲಿಗೆ ಸಹಿ ಹಾಕಿದ್ರ?"

"ಹಾಕಬಹುದು. ನಾವು ತಗೊಳ್ಳೋದಿಲ್ಲ. ನಿಮ್ಮ ಸಹಿ ಇಲ್ಲದ್ದನ್ನ ನಾವು ಬಳಸುವಂತಿಲ್ಲ. ನೀವು ಸಹಿ ಹಾಕಿದ್ದನ್ನೆಲ್ಲ ಬಳಸಲೇಬೇಕು ಅಂತ ಒಪ್ಪಂದದಲ್ಲಿ ಎಲ್ಲಿಯೂ ಇಲ್ಲ." ಲೋಟದ ನೀರನ್ನು ಆಕೆಯ ಕಡೆ ಸರಿಸಿದರು. "ಸೋಮವಾರದಿಂದ ಯುಗಾದಿವರೆಗೆ ತಿದ್ದುಪಡಿ ಬಂದ್. ಅಷ್ಟರೊಳಗೆ ಆ ಗದ್ದೆಗಳಲ್ಲಿ ಎಷ್ಟು ಹೆರಿಗೆ ಆಗಬೇಕಿದೆ ಗೊತ್ತೇ? ನೂರ ಹನ್ನೆರಡು. ನೀವೇ ಯೋಚನೆ ಮಾಡಿ."

ಆಕೆ ಯೋಚನೆ ಮಾಡಿದಳು. ಬಸ್ಸಿನಲ್ಲಿ ಮರಳುವ ದಾರಿಯುದ್ದಕ್ಕೂ ಮಾಡಿದಳು. ಒಂದು ಸಾಲು ಸುಳ್ಳು, ನೂರ ಹನ್ನೆರಡು ಹೆರಿಗೆ ನಿಜ. ಮನೆ ಮುಟ್ಟುವ ಹೊತ್ತಿಗೆ ಸಹಿ ಹಾಕಿಸುವುದೆಂದೇ ತೀರ್ಮಾನಿಸಿದ್ದಳು. ಹಾಗೆ ತೀರ್ಮಾನಿಸಿದ ಮೇಲೆ ಮಂಗಳವಾರದಿಂದ ಎದೆಯಲ್ಲಿ ಕೂತಿದ್ದ ಭಾರ ತುಸು ಇಳಿದಂತಾಯಿತು. ಹಾಗೆ ಇಳಿದದ್ದು ಆಕೆಗೆ ಸರಿಬರಲಿಲ್ಲ. ಆದರೂ ತೀರ್ಮಾನ ಬದಲಿಸಲಿಲ್ಲ.

"ಹೊರಗಿನವರು ಯಾರು ಕೂಡ್ತಾರ?" ಎಂದು ಶೈಲಾಳನ್ನು ಕೇಳಿದಳು.

"ಸೇವಂತಿಬಾಯಿ ಬರತಾಳ. ನಮ್ಮ ತಾಂಡಾದಾಕಿ. ಚಂದಿ ಗ್ಯಾಂಗಿನ್ಯಾಗೇ ಇದ್ದಾಕಿ. ಅಕಿ ಸೊಸಿ ರುಕ್ಕೀಬಾಯಿಗೆ ತುಂಬಿದ ದಿನ. ಇವತ್ತೋ ನಾಳೆಯೋ ಅನ್ನೂವಂಗ ಐತಿ. ತಿಳೀತು ಅಂತ ಹೆಬ್ಬೆಟ್ಟ ಒತ್ತಿದ್ರ ಸೊಸಿಗೆ ಠಾವು ಸಿಗತೈತಂತ ಹೇಳೀನಿ." ಶೈಲಾ ಮುಂದುವರಿಸಿದಳು: "ನಾನೂ ನಿಮ್ಮಂಗ ಲೆಕ್ಕಾ ಹಾಕೀನಿ ಅಕ್ಕಾ. ನನಗೂ ಬ್ಯಾರೆ ದಾರಿ ಕಾಣವಲ್ದು."

ರವಿವಾರ ಮೂರು ಗಂಟೆಗೆ ಮಹಡಿ ತುಂಬಿತು. ಗೋಡೆಯ ಮೇಲಿನ ಪರದೆಯಲ್ಲಿ ಬೆಳಗಾವಿಯಿಂದ ಇನಾಮದಾರರು ಕೂತಿದ್ದರು. ಸೇವಂತಿಬಾಯಿ ಎರಡು ಬಸ್ಸು ಬದಲಿಸಿ ಬಂದಿದ್ದಳು. ಐವತ್ತೈದರ ಗಟ್ಟಿ ಹೆಂಗಸು. ಕಬ್ಬಿನ ಒಣಗರಿಯ ರವುದಿ ಕೊಯ್ದು ಮುಂಗೈ ತುಂಬ ಬಿಳಿ ಗೀರುಗಳು. ಕುರ್ಚಿ ಕೊಟ್ಟರೆ ಬೇಡವೆಂದು ಚಾಪೆಯ ಮೇಲೆ ಕೂತು, ಪರದೆಯನ್ನು ನೋಡಿ, "ಇವರಿಗೆ ಚಹಾ ಕೊಡೂದು ಹ್ಯಾಂಗ?" ಎಂದಳು. ಬಳಗ ನಕ್ಕಿತು. ಇನಾಮದಾರರೂ ನಕ್ಕರು.

ಖಾಜಾಸಾಬ ಎದ್ದು ನಿಂತ. ಆ ದಿನ ಅವನ ದನಿಯಲ್ಲಿ ಕಂಡಕ್ಟರ್ ಇರಲಿಲ್ಲ. "ಪೀಳಿಗೆ ಮೂರುನೂರ ಹನ್ನೆರಡು. ಹೆಸರು, ಹಾಜರಿ. ಕಾರಣ: ಡಿಸೆಂಬರ್ ಒಂಬತ್ತರಿಂದ ಹನ್ನೆರಡರವರೆಗೆ ಬಳಕೆದಾರರು ತಾವಿರುವುದನ್ನು ತಿಳಿಸದೇ ಇದ್ದುದರಿಂದ..."

"ನಿಲ್ರಿ ಅಣ್ಣಾರ," ಎಂದಳು ಸೇವಂತಿಬಾಯಿ. "ಬಳಕೆದಾರರು ಅಂದ್ರ ಯಾರು?"

"ಅಂದ್ರ... ನೀವುರಿ."

"ನಾವು ತಿಳಸಲಿಲ್ಲಂತೇನು?"

ಖಾಜಾಸಾಬ ಹಾಳೆಯನ್ನು ನೋಡಿದ, ಆಕೆಯನ್ನು ನೋಡಿದ. "ಹಂಗ ಬರದಾರವ್ವ."

"ಇದು ಬರೀ ಮಾಮೂಲು ಸಾಲು ತಾಯಿ," ಎಂದರು ಪರದೆಯೊಳಗಿನ ಇನಾಮದಾರರು. "ಅದರಿಂದ ನಿಮಗೇನೂ ಆಗೋದಿಲ್ಲ. ಮುಂದೆ ಕೇಳಿ, ನಿಮ್ಮ ಅನುಕೂಲ ಮುಂದಿದೆ."

ಮುಂದಿನದನ್ನೂ ಆಕೆ ಕೇಳಿದಳು. ಅರ್ಧ ತಾಸು ಅಲುಗದೆ ಕೇಳಿದಳು. ಹದಿನೈದು ದಿನದ ಮಾತು ಬಂದಾಗ, "ನೀವೂ ಒತ್ತತೀರೇನ್ರಿ ಸಾಹೇಬ್ರ?" ಎಂದಳು.

"ನನಗೆ ಖಾಯಂ ಮನೆ ಇದೆಯಲ್ಲ ತಾಯಿ."

"ನಮಗೂ ತಾಂಡಾದಾಗ ಮನಿ ಐತ್ರಿ. ಮನಿ ಐತಿ, ಅನ್ನ ಗದ್ದಿಯಾಗೈತಿ."

ಓದು ಮುಗಿದಾಗ ನಾಲ್ಕೂಕಾಲು. ಶೈಲಾ ಹೆಬ್ಬೆಟ್ಟಿನ ಯಂತ್ರವನ್ನು ಚಾಪೆಯ ಮೇಲಿಟ್ಟು, ತಾಂಡಾದ ಮಾತಿನಲ್ಲಿ ಅವ್ವಾ ಎಂದು ಕರೆದಳು. "ಯಾಡಿ, ತಿಳೀತು ಅಂತ ಹೇಳಿ ಒತ್ತು. ಒತ್ತಿದ್ರ ಆರಕ್ಕ ರುಕ್ಕಿ ಹೆಸರು ಬರತೈತಿ."

ಸೇವಂತಿಬಾಯಿ ಕೈ ಚಾಚಿದಳು. ಯಂತ್ರವನ್ನು ಮುಟ್ಟದೆ ಅದನ್ನೇ ನೋಡುತ್ತ ಕೂತಳು.

"ಚಂದಿ ಒದರಿದ್ದು ಮೂರು ಗದ್ದಿ ಆಚಿಗೆ ಕೇಳ್ತು," ಎಂದಳು. "ಆಚಿ ಗ್ಯಾಂಗಿನವರು ಕುಡಗೋಲ ಒಗದು ಓಡಿ ಬಂದ್ರು. ನಾ ಹನ್ನೊಂದು ಸಲ ಫೋನ್ ಒತ್ತೀನಿ. ಹೆಬ್ಬೆಟ್ಟ ರಕ್ತ ಆಗಿದ್ದಕ್ಕ ತಗೊಳವಲ್ದಂತ ಸೀರಿಗೆ ಒರಸಿ ಒರಸಿ ಒತ್ತೀನಿ. ಆ ಆಸ್ಪತ್ರಿ ಬಾಗಿಲಾ ಕೈಯಿಂದ ಬಡದೀನಿ, ಕಲ್ಲಿನಿಂದ ಬಡದೀನಿ. ಈಗ ತಿಳಸಲಿಲ್ಲ ಅಂತ ಬರದು, ಅದಕ್ಕ ನನ್ನ ಬೆಟ್ಟ ಬೇಕಂತೀರಿ." ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ಆ ಸಾಲು ತಗೀರಿ, ಒತ್ತತೀನಿ."

"ತೆಗೆಯಲಿಕ್ಕೆ ಆಗೋದಿಲ್ಲ," ಎಂದರು ಇನಾಮದಾರರು.

"ಹಂಗಾರ ನಾ ಒತ್ತೂದಿಲ್ರಿ."

"ಯಾಡಿ," ಎಂದಳು ಶೈಲಾ ತಗ್ಗಿದ ದನಿಯಲ್ಲಿ, "ರುಕ್ಕಿ ಗತಿ?"

"ರುಕ್ಕಿನೂ ಅಲ್ಲೇ ಇದ್ಳು. ಚಂದಿ ತಲಿ ಅಕಿ ತೊಡಿ ಮ್ಯಾಲಿತ್ತು. ನಾ ಇದನ್ನ ಒತ್ತಿ ಹೋದ್ರ ಅಕಿ ಮುಂದ ಕುಂತು ರೊಟ್ಟಿ ಬಡೀಲಿ ಹ್ಯಾಂಗ?" ಶೈಲಾಳ ಕೈ ಹಿಡಿದುಕೊಂಡಳು. "ಅಂಜಿಕಿ ಇಲ್ಲಂತಲ್ಲ ತಂಗಿ. ಕೈಕಾಲು ತಣ್ಣಗಾಗ್ಯಾವ ನನಗ."

ಮೂಲೆಯಲ್ಲಿದ್ದ ಬೀಡಿ ಕಟ್ಟುವ ಹೆಂಗಸೊಬ್ಬಳು ಎದ್ದು ಬಂದು ಸೇವಂತಿಬಾಯಿಯ ಪಕ್ಕ ಕೂತಳು.

"ಅನುಸೂಯಾ ಮೇಡಂ," ಎಂದರು ಇನಾಮದಾರರು, ಈಗಲೂ ಮೆತ್ತಗೆ. "ನಿಮ್ಮದೇ ನಿಯಮ ನೆನಪಿದೆಯಲ್ಲ? ಹದಿನೆಂಟನೆಯದು. ಹೊರಗಿನವರು ನಡುವೆ ಎದ್ದುಹೋದರೆ ಮೇಂಟೇನರ್ ಅವರ ಪರವಾಗಿ 'ತಿಳೀತು' ಅಂತ ಬರೆಯಬಹುದು."

ಆ ನಿಯಮ ನಿಜವಾಗಿಯೂ ಇತ್ತು. ಹಿಂದೊಮ್ಮೆ ಹೊರಗಿನವನಾಗಿ ಬಂದ ಹಮಾಲನೊಬ್ಬ ಕೊನೆಯ ಬಸ್ಸು ಹೋಗುತ್ತದೆಂದು ಓದು ಮುಗಿಯುವ ಮುನ್ನ ಓಡಿದ್ದಕ್ಕೆ ಸೇರಿಸಿದ್ದು.

"ಅವರು ಎದ್ದು ಹೋಗಿಲ್ರಿ ಸರ್. ಇಲ್ಲೇ ಕುಂತಾರ."

"ನಾನು ನೋಡ್ತಾ ಇದ್ದೇನೆ. ಹಂದರಕ್ಕೆ ಕಣ್ಣಿಲ್ಲ. 'ಹೊರಗಿನವರು ಸ್ಥಳದಲ್ಲಿಲ್ಲ' ಅಂತ ನೀವು ಒಂದು ಸಾಲು ಬರೆದರೆ ಅದು ನಂಬ್ತದೆ. ಅವರ ಮೇಲೆ ಯಾವ ಭಾರವೂ ಇರೋದಿಲ್ಲ, ಅವರು ಒತ್ತಲೂ ಇಲ್ಲ. ಸೊಸೆಗೆ ಠಾವು ಸಿಗ್ತದೆ. ನೂರ ಹನ್ನೆರಡು ಹೆಣ್ಣುಮಕ್ಕಳಿಗೆ ಸಿಗ್ತದೆ. ಯಾರಿಗೆ ನಷ್ಟ ಹೇಳಿ?"

ಅನುಸೂಯಾ ಕೀಲಿಮಣೆಯ ಮುಂದೆ ಕೂತಳು. ಪರದೆಯ ಮೇಲೆ ಖಾಲಿ ಜಾಗ ತೆರೆದಿತ್ತು, ಪಕ್ಕದಲ್ಲಿ ಗಡಿಯಾರ ಓಡುತ್ತಿತ್ತು: ನಾಲ್ಕು ಗಂಟೆ ನಲವತ್ತೊಂದು ನಿಮಿಷ. ಆಕೆ ಶೈಲಾಳ ಮುಖ ನೋಡಿದಳು. ಶೈಲಾ ಬರಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಖಾಜಾಸಾಬ ಹಾಳೆಗಳನ್ನು ಎದೆಗೊತ್ತಿಕೊಂಡು ನಿಂತಿದ್ದ.

'ಹೊರಗಿನವರು' ಎಂದು ಬರೆದಳು. ಬೆರಳು ನಿಂತವು. ತಿರುಗಿ ಚಾಪೆಯ ಕಡೆ ನೋಡಿದಳು. ಸೇವಂತಿಬಾಯಿ ಆಕೆಯನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಲ್ಲ, ಬೈಯುವ ನೋಟವೂ ಅಲ್ಲ. ಬಸ್ಸು ಕಾಯುವವರು ರಸ್ತೆಯ ತುದಿ ನೋಡುವ ಹಾಗೆ ನೋಡುತ್ತಿದ್ದಳು.

ಅನುಸೂಯಾ ಬರೆದ ಒಂದು ಪದವನ್ನು ಅಳಿಸಿದಳು.

"ನಾ ಬರಿಯೂದಿಲ್ರಿ."

"ಮೇಡಂ, ಭಾವನೆಗೆ ಇದು ಹೊತ್ತಲ್ಲ."

"ಭಾವನೆ ಅಲ್ರಿ. ನನ್ನ ಐದ ಸಾಲು ನಿಮ್ಮ ಮೇಜಿನ ಮ್ಯಾಲೆ ಅವ. ಅವಕ್ಕ ಬಳಗ ಈಗ್ಲೇ ಓದಿ ಸಹಿ ಹಾಕತೈತಿ, ನೀವು ತಗೊಂಡ್ರ ಆರಕ್ಕ ಅಕಿ ಸೊಸಿಗೆ ಠಾವು ಸಿಗತೈತಿ. ತಡದಿದ್ದು ನಾನಲ್ಲ."

"ಇದನ್ನು ಆದೇಶ ಅಂತ ತಿಳಕೊಳ್ಳಿ. ಅಷ್ಟೇ ಬರೆಯಿರಿ. ಆ ಹೆಣ್ಣುಮಗಳು ಅಲ್ಲಿಲ್ಲ."

ಅನುಸೂಯಾ ಕೀಲಿಮಣೆಯನ್ನು ಮೇಜಿನ ಆಚೆ ತುದಿಗೆ ದೂಡಿ, ಕುರ್ಚಿಯನ್ನು ಪೂರ್ತಿ ಪರದೆಯ ಕಡೆ ತಿರುಗಿಸಿದಳು.

"ಹದಿನೇಳು ಸಾವಿರದ ನಾನೂರು ಮಂದಿ ಇಲ್ಲ ಅಂತ ನನ್ನ ಕೈಲೆ ಆಗೇತ್ರಿ," ಎಂದಳು. "ಇವರನ್ನ ನಾ ಇಲ್ಲ ಅಂತ ಬರಿಯೂದಿಲ್ಲ."